ಮಾಯವ್ವ ಲಿವರ್ ಹಗುರ ಮಾಡಿಕೊಂಡದ್ದು

ಹುನಗುಂದದ ಸರ್ಕಾರಿ ಕಚೇರಿಯಲ್ಲಿ ಪಹಣಿ ಕೊಡುವ ಕಿಟಕಿಯ ಹಿಂದೆ ಕೂರುವ ಮಾಯವ್ವನ ಮುಖವನ್ನು ತಾಲ್ಲೂಕಿನ ಅರ್ಧ ರೈತರು ಬಲ್ಲರು. ಆದರೆ ಅವಳು ಎದ್ದು ನಡೆದಾಡಿದ್ದನ್ನು ಕಂಡವರು ಕಡಿಮೆ. ಬೆಳಿಗ್ಗೆ ಇಳಕಲ್ಲಿನಲ್ಲಿ ಬಸ್ಸು ಹತ್ತಿ ಹುನಗುಂದದಲ್ಲಿ ಇಳಿದಳೆಂದರೆ ನೇರ ಕುರ್ಚಿಗೆ. ಹನ್ನೊಂದಕ್ಕೆ ಸಕ್ಕರೆ ಹೆಚ್ಚಿಗೆ ಹಾಕಿದ ಚಹಾ, ಮಧ್ಯಾಹ್ನ ಕುಂತಲ್ಲೇ ಬುತ್ತಿ, ನಾಲ್ಕಕ್ಕೆ ಮತ್ತೊಂದು ಚಹಾ, ಅದರ ಜೊತೆ ಎದುರು ಅಂಗಡಿಯ ಮಿರ್ಚಿ ಭಜಿ. ಸಂಜೆ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುವುದು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಓದಿ, ಕುರ್ಚಿಯ ನೌಕರಿ ಹಿಡಿದ ಮೊದಲ ಹೆಣ್ಣುಮಗಳು ಅವಳು. ಬಿಸಿಲಿಗೆ ಬೀಳದೆ ಕೂತು ದುಡಿಯುವುದೇ ಅವಳ ಮನೆಯವರ ಕಣ್ಣಿಗೆ ದೊಡ್ಡ ಭಾಗ್ಯವಾಗಿತ್ತು. ಅವಳ ಕಣ್ಣಿಗೂ ಹಾಗೇ.

ಅವಳ ತಮ್ಮ ಬೀರಲಿಂಗಪ್ಪ ತವರೂರಾದ ರಾಮಥಾಳದಲ್ಲಿ ಕುರಿ, ಹೊಲ ಎರಡನ್ನೂ ನೋಡಿಕೊಂಡಿದ್ದ. ಅವ್ವ ಹೊಲಕ್ಕೆ ಹೋದಾಗ ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಮಾಯವ್ವನೇ. ಆ ವರ್ಷ ಮಳೆಗಾಲದಲ್ಲಿ ಅವನ ಕಣ್ಣು ಹಳದಿಯಾದವು. ಕಾಮಾಲಿ ಎಂದು ಊರಲ್ಲಿ ಬೇರು ಅರೆದು ಕುಡಿಸಿದರು. ಹಳದಿ ಇಳಿಯಲಿಲ್ಲ, ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ದಾಗ ತಿಳಿದದ್ದು, ಹೆಪಟೈಟಿಸ್ ಬಿ ಎಂಬ ಸೋಂಕು ಎಷ್ಟೋ ವರ್ಷಗಳ ಹಿಂದೆಯೇ ಮೈಹೊಕ್ಕು ಸದ್ದಿಲ್ಲದೆ ಲಿವರನ್ನು ತಿಂದುಹಾಕಿತ್ತು. ಔಷಧದಿಂದ ಒಂದಷ್ಟು ತಿಂಗಳು ತಳ್ಳಬಹುದು, ಆಮೇಲೆ ಲಿವರ್ ಬದಲಿಸುವುದೊಂದೇ ದಾರಿ. ಮನೆಯವರೊಬ್ಬರು ತಮ್ಮ ಲಿವರಿನ ಒಂದು ಭಾಗ ಕೊಟ್ಟರೆ ಇಬ್ಬರಲ್ಲೂ ಅದು ಮತ್ತೆ ಬೆಳೆಯುತ್ತದೆ ಎಂದರು ಡಾಕ್ಟರ್ ಆನಂದ.

ಬೀರಲಿಂಗಪ್ಪನ ಹೆಂಡತಿ ದಾನಮ್ಮ ಮೊದಲು ಮುಂದೆ ಬಂದಳು. ಅವಳ ರಕ್ತದ ಗುಂಪು ಕೂಡಲಿಲ್ಲ. ಮಾಯವ್ವನದು ಕೂಡಿತು. ಅವಳನ್ನು ಒಂದು ದಿನವಿಡೀ ತಪಾಸಣೆ ಮಾಡಿ, ಸ್ಕ್ಯಾನ್ ತೆಗೆದು, ಸಂಜೆ ಒಳಗೆ ಕರೆದರು.

“ಮಾಯವ್ವಾರ, ಉಳದದ್ದೆಲ್ಲಾ ಚಲೋ ಅದ. ಆದ್ರ ನಿಮ್ಮ ಲಿವರಿನ್ಯಾಗ ಕೊಬ್ಬು ಕೂತದ. ಹಿಂಗಿದ್ರ ತಗೊಳ್ಳಾಕ ಬರಾಂಗಿಲ್ಲ,” ಎಂದರು ಡಾಕ್ಟರು.

ಮಾಯವ್ವನ ಮುಖ ಕೆಂಪಾಯಿತು. “ನಾ ಎಂದೂ ಕುಡದಾಕಿ ಅಲ್ಲರಿ!”

“ಕುಡೀದವರಿಗೂ ಬರ್ತದ್ರಿ. ಕುಂತಲ್ಲೇ ಕುಂತವರಿಗೆ, ಸಕ್ರಿ, ಎಣ್ಣಿ ಹೆಚ್ಚಾದವರಿಗೆ ಬರ್ತದ. ನಮ್ಮ ಕಡೆ ಭಾಳ ಮಂದಿಗೆ ಐತಿ, ಅವರಿಗೇ ಗೊತ್ತಿಲ್ಲ. ಕೊಬ್ಬು ತುಂಬಿದ ಲಿವರ್ ತಗೊಂಡು ಹಾಕಿದ್ರ ನಿಮ್ಮ ತಮ್ಮನಿಗೂ ನಡಿಯೂದಿಲ್ಲ, ನಿಮ್ಮ ಹೊಟ್ಟ್ಯಾಗ ಉಳದ ಭಾಗಕ್ಕೂ ಕಷ್ಟ.”

“ಕರಗಸಾಕ ಗುಳಗಿ ಕೊಡ್ರಿ. ಇಂಜೆಕ್ಷನ್ ಕೊಡ್ರಿ.”

ಡಾಕ್ಟರು ತಲೆಯಾಡಿಸಿದರು. “ಸದ್ಯ ನಿಮಗ ಔಷಧ ಅಂದ್ರ ನಿಮ್ಮ ಕೈಕಾಲು. ಊಟ ಹತೋಟ್ಯಾಗ ಇಡ್ರಿ, ದಿನಾ ಮೈ ದಣಸ್ರಿ. ದೀಪಾವಳಿ ಮುಗದ ಮ್ಯಾಲೆ ಮತ್ತ ನೋಡೂಣು.”

ಹೊರಗೆ ಬೆಂಚಿನ ಮೇಲೆ ಬೀರಲಿಂಗಪ್ಪ ಗೋಡೆಗೆ ತಲೆ ಆನಿಸಿ ಕೂತಿದ್ದ. ಅಕ್ಕನ ಮುಖ ಕಂಡು, “ಆಗೂದಿಲ್ಲ ಅಂದ್ರೇನ?” ಎಂದ. ದನಿಯಲ್ಲಿ ಸಮಾಧಾನವೇ ಇತ್ತು. ಮೊದಲಿನಿಂದಲೂ ಅವನಿಗೆ ಅಕ್ಕನ ಹೊಟ್ಟೆ ಕೊಯ್ಯಿಸುವ ಮನಸ್ಸಿರಲಿಲ್ಲ.

“ಆಗತೈತಿ,” ಎಂದಳು ಮಾಯವ್ವ. “ಸ್ವಲ್ಪ ತಡಾ ಆಗತೈತಿ, ಅಷ್ಟ.”

ಮರುದಿನದಿಂದಲೇ ಅವಳು ನಡೆಯಲು ಹೊರಟಳು. ಇಳಕಲ್ಲಿನ ಅವಳ ಓಣಿಯ ನಾಲ್ಕಾರು ಹೆಂಗಸರು ಬೆಳಿಗ್ಗೆ ಬೈಪಾಸ್ ರಸ್ತೆಯ ಕಡೆ ವಾಕಿಂಗ್ ಹೋಗುತ್ತಿದ್ದರು. ಅವರ ಜೊತೆ ಸೇರಿದಳು. ಚಹಾದ ಸಕ್ಕರೆ ನಿಂತಿತು. ರಾತ್ರಿಯ ಅನ್ನದ ಜಾಗದಲ್ಲಿ ಜೋಳದ ರೊಟ್ಟಿ, ಪಲ್ಯ ಬಂದವು. ಕಚೇರಿಯಲ್ಲಿ ಭಜಿಯ ಪೊಟ್ಟಣ ಬಿಚ್ಚಿದರೆ ಅವಳು ಎದ್ದು ಹೊರಗಿನ ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲುತ್ತಿದ್ದಳು. ದೀಪಾವಳಿಗೆ ತನ್ನ ಕೈಯಿಂದಲೇ ಕರಿಗಡಬು, ಶಂಕರಪೋಳಿ ಮಾಡಿ, ಗಂಡನಿಗೂ ಮಗಳು ರಾಧಿಕಾಳಿಗೂ ಬಡಿಸಿದಳು. ತಾನು ಮುಟ್ಟಲಿಲ್ಲ. ರಾಧಿಕಾ ಪಿಯುಸಿ ಓದುವ ಹುಡುಗಿ. “ಒಂದಽ ಒಂದು ತಿನ್ನವ್ವಾ,” ಎಂದು ಕೈಯಲ್ಲಿ ಹಿಡಿದು ನಿಂತಳು. “ಮಾಮಾ ಎದ್ದು ಓಡಾಡಿದ ದಿನ ತಿನ್ನೂಣಂತ ಇಡು,” ಎಂದಳು ಮಾಯವ್ವ.

ಗಂಡ ರಾಜಕುಮಾರ ಇದನ್ನೆಲ್ಲ ನೋಡುತ್ತಿದ್ದ, ಮಾತಾಡುತ್ತಿರಲಿಲ್ಲ. ಅವನು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಕಲ್ಲಿನ ಹುಡಿ ಮೆತ್ತಿದ ಅಂಗಿಯಲ್ಲಿ ಸಂಜೆ ಬಂದು ಕೂರುವ ಮಿತಭಾಷಿ. ಹೆಂಡತಿ ಶಸ್ತ್ರಚಿಕಿತ್ಸೆಗೆ ಹೋಗಬೇಕಾದರೆ ಅವನ ಒಪ್ಪಿಗೆಯೂ ಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ಅವನು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ.

ದೀಪಾವಳಿಯ ನಂತರದ ಸ್ಕ್ಯಾನಿನಲ್ಲಿ ಕೊಬ್ಬು ಇಳಿದಿತ್ತು, ಆದರೆ ಸಾಕಾಗುವಷ್ಟಲ್ಲ. ಮಾಯವ್ವ ತೀರ ಕುಸಿದುಹೋದಳು. ಒಂದು ದಿನವೂ ತಪ್ಪದೆ ನಡೆದಿದ್ದಳು.

“ದಾರಿ ಸರಿ ಐತಿ, ವೇಗ ಕಡಿಮಿ,” ಎಂದರು ಡಾಕ್ಟರ್ ಆನಂದ. “ಸಂಕ್ರಾಂತಿ ಹೊತ್ತಿಗೆ ಕಡೀ ಸಲ ನೋಡ್ತೇವಿ. ಅದಕ್ಕಿಂತ ಹೆಚ್ಚು ಕಾಯೂ ಶಕ್ತಿ ನಿಮ್ಮ ತಮ್ಮಗ ಇಲ್ಲ.”

ಆ ಮಾತು ಅವಳ ತಲೆಯಲ್ಲಿ ಹೊಕ್ಕು ಕೂತುಬಿಟ್ಟಿತು. ವೇಗ ಕಡಿಮೆಯೆಂದರೆ ಓಡಬೇಕು ಎಂದುಕೊಂಡಳು. ಮರುದಿನ ಬೆಳಗಾಗುತ್ತಲೇ ಹೈಸ್ಕೂಲ್ ಮೈದಾನಕ್ಕೆ ಹೋಗಿ, ಸೆರಗನ್ನು ಸೊಂಟಕ್ಕೆ ಬಿಗಿದು, ರಾಧಿಕಾಳ ಹಳೇ ಬೂಟು ಹಾಕಿಕೊಂಡು ಓಡಲು ಸುರುಮಾಡಿದಳು. ಶಾಲೆ ಬಿಟ್ಟಮೇಲೆ ಅವಳು ಓಡಿದ್ದೇ ಇಲ್ಲ. ಕ್ರಿಕೆಟ್ ಆಡುತ್ತಿದ್ದ ಹುಡುಗರು ಆಟ ನಿಲ್ಲಿಸಿ ನೋಡಿದರು. ಅವಳು ಅವರ ಕಡೆ ತಿರುಗಲಿಲ್ಲ. ಹಲ್ಲು ಕಚ್ಚಿ ಓಡಿದಳು. ಎದೆ ಉರಿದರೂ ಓಡಿದಳು. ಹೀಗೆ ಕೆಲವು ದಿನ ನಡೆಯಿತು. ಒಂದು ಬೆಳಿಗ್ಗೆ ತಿರುವಿನಲ್ಲಿ ಬಲಮೊಣಕಾಲು ಚಳಕ್ಕೆಂದಿತು. ಅಲ್ಲೇ ಕುಸಿದಳು. ಮನೆಗೆ ಆಟೋದಲ್ಲಿ ಬರುವಷ್ಟರಲ್ಲಿ ಮೊಣಕಾಲು ತೆಂಗಿನಕಾಯಿಯಷ್ಟು ಊದಿತ್ತು.

ಸುದ್ದಿ ರಾಮಥಾಳಕ್ಕೆ ಮುಟ್ಟಿತು. ಬೀರಲಿಂಗಪ್ಪ ಫೋನ್ ಮಾಡಿದ. ಮಾತಾಡಿದರೆ ಅವನಿಗೆ ದಮ್ಮು ಹತ್ತುತ್ತಿತ್ತು.

“ಅಕ್ಕಾ, ಸಾಕು ಬಿಡು. ನನ್ನ ಸಲುವಾಗಿ ನೀ ಕಾಲ ಮುರಕೊಳ್ಳಬ್ಯಾಡ. ನನ್ನ ಹಣ್ಯಾಗ ಇದ್ದಂಗ ಆಗಲಿ.”

“ಹಣೀ ಮಾತು ನನ್ನ ಮುಂದ ಆಡಬ್ಯಾಡ ಬೀರಾ,” ಎಂದಳು ಮಾಯವ್ವ. ಊದಿದ ಕಾಲನ್ನು ದಿಂಬಿನ ಮೇಲೆ ಚಾಚಿಕೊಂಡು ಕೂತಿದ್ದಳು. “ನಿನ್ನ ಕೂಸು ಇನ್ನೂ ಸಾಲಿ ಮೆಟ್ಟಲಾ ಹತ್ತಿಲ್ಲ. ನೀ ಔಷಧ ತಪ್ಪಸಬ್ಯಾಡ, ಉಪ್ಪು ತಿನ್ನಬ್ಯಾಡ. ನಿನ್ನ ಕೆಲಸ ಅಷ್ಟ. ಉಳದದ್ದು ನನ್ನ ಕೆಲಸ.”

ಫೋನಿಟ್ಟ ಮೇಲೆ ಅತ್ತಳು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಲೀಮಾ ಎಂಬ ಹೆಣ್ಣುಮಗಳು ಫಿಜಿಯೋಥೆರಪಿ ನಡೆಸುತ್ತಿದ್ದಳು. ವಿಜಯಪುರದಲ್ಲಿ ಓದಿ ಬಂದವಳು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುವವರ ಬೆನ್ನುನೋವು, ಕಲ್ಲು ಹೊರುವವರ ಭುಜದ ನೋವು ನೋಡುವುದೇ ಅವಳ ಹೆಚ್ಚಿನ ಕೆಲಸ. ರಾಜಕುಮಾರ ಹೆಂಡತಿಯನ್ನು ಅಲ್ಲಿಗೆ ಕರೆದೊಯ್ದ. ಅಲೀಮಾ ಮೊಣಕಾಲನ್ನು ಒತ್ತಿ, ಮಡಿಸಿ ನೋಡಿದಳು.

“ಎಲುಬಿಗೆ ಏನೂ ಆಗಿಲ್ಲರಿ ಅಕ್ಕಾರ. ಆದ್ರ ಸದ್ಯ ಓಡಂಗಿಲ್ಲ, ದೂರ ನಡಿಯಂಗೂ ಇಲ್ಲ.”

“ಹಂಗಂದ್ರ ಹ್ಯಾಂಗವ್ವಾ? ನನ್ನ ಲಿವರ್ ನಿನ್ನ ಮಾತ ಕೇಳಿ ಕಾಯತೈತೇನು?” ಎಂದು ಮಾಯವ್ವ ಸಿಡುಕಿ, ಇಡೀ ಕಥೆ ಹೇಳಿದಳು.

ಅಲೀಮಾ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. “ನೀವು ವಾಕಿಂಗ್ ಹೋಗತಿದ್ರೆಲ್ಲಾ, ಆವಾಗ ಗೆಳತ್ಯಾರ ಜೊತೆ ಮಾತಾಡತಿದ್ರೇನು?”

“ಮಾತಾಡದ ಯಾರ ಹೋಗ್ತಾರ?”

“ಒಂದು ಹಾಡು ಹಾಡಬಹುದಿತ್ತೇನು, ನಡಕೋತನ?”

“ಹಾಡತಿದ್ವಿ. ಕಾರ್ತಿಕದಾಗ ಭಜನಿ ಹೇಳಕೋತ ಹೋಗತಿದ್ವಿ.”

ಅಲೀಮಾ ನಕ್ಕಳು. “ನಡದದ್ದು ವ್ಯರ್ಥ ಆಗಿಲ್ಲರಿ. ಸ್ವಲ್ಪರ ಇಳದೈತೆಲ್ಲಾ. ಆದ್ರ ಹಾಡಾಕ ಬಂದ್ರ ಅದು ಹಗೂರ ನಡಿಗಿ. ಮಾತಾಡಾಕ ಬರಬೇಕು, ಹಾಡಾಕ ಬರಬಾರದು, ಅಂಥಾ ನಡಿಗಿ ಬೇಕು. ಅದನ್ನ ಕಾಲು ಸರಿಯಾದ ಮ್ಯಾಲೆ ಮಾಡೂಣು. ಅಲ್ಲೀತನಕ ಇನ್ನೊಂದು ದಾರಿ ಐತಿ. ಭಾರ ಎತ್ತೂದು.”

“ಭಾರ? ನಾ ಏನು ಪೈಲ್ವಾನಳೇನ?”

“ಎತ್ತಿದ್ರ ಸ್ನಾಯು ಗಟ್ಟಿ ಆಗತಾವು. ರಕ್ತದಾಗಿನ ಸಕ್ರಿ ಆ ಸ್ನಾಯುಗೋಳು ಬಳಸಾಕ ಹತ್ತಿದ್ರ, ಲಿವರಿಗೆ ಹೋಗಿ ಕೊಬ್ಬಾಗಿ ಕೂಡೂದು ಕಡಿಮಿ ಆಗತೈತಿ. ಓಡಾಕ, ನಡಿಯಾಕ ಬರಲಾರದವರಿಗೂ ಇದು ಕೆಲಸ ಮಾಡತೈತ್ರಿ. ಡಾಕ್ಟರಿಗೂ ಒಂದು ಫೋನ್ ಹಚ್ಚಿ ಕೇಳೂಣು.”

ಅಲ್ಲಿಂದಲೇ ಫೋನ್ ಮಾಡಿದರು. ಡಾಕ್ಟರ್ ಆನಂದ ಒಪ್ಪಿದರು. ಆದರೆ ಆತುರ ಬೇಡ, ಮೆಲ್ಲಗೆ ಏರಿಸಿ ಎಂದರು.

ಅಲೀಮಾ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮುಂದೆ ನಿಲ್ಲಿಸಿ, ಚಾಪೆಯ ಮೇಲೆ ಮಲಗಿಸಿ ಒಂದೊಂದಾಗಿ ಕಲಿಸಿದಳು. ಗೋಡೆಗೆ ಅಂಗೈ ಊರಿ ಮೈಯನ್ನು ತಳ್ಳುವುದು. ಮಲಗಿ ಸೊಂಟ ಎತ್ತಿ ಹಿಡಿಯುವುದು. ಕಂಬಕ್ಕೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಎದೆಯ ತನಕ ಎಳೆಯುವುದು. ನೋವು ಇಳಿದಂತೆ, ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಮನೆಯಲ್ಲಿ ಮಾಡಲು ಕೈಯಲ್ಲಿ ಹಿಡಿಯುವಂಥ ತೂಕ ಬೇಕೆಂದಳು. ಎರಡು ನೀರಿನ ಬಾಟಲಿ ಸಾಕು ಎಂದಿದ್ದಳು. ಮರುದಿನ ಸಂಜೆ ರಾಜಕುಮಾರ ಕಾರ್ಖಾನೆಯಿಂದ ಬಂದಾಗ ಚೀಲದಲ್ಲಿ ಕೆಂಪು ಗ್ರಾನೈಟಿನ ತುಂಡುಗಳಿದ್ದವು. ದೊಡ್ಡ ಹಾಸುಗಲ್ಲು ಕೊಯ್ದಾಗ ಉಳಿಯುವ ಅಂಚಿನವು. ಕೈಗೆ ಚುಚ್ಚದಂತೆ ಮೂಲೆಗಳನ್ನು ಯಂತ್ರಕ್ಕೆ ಹಿಡಿದು ದುಂಡು ಮಾಡಿದ್ದ. ಸಣ್ಣದು, ಮಧ್ಯಮ, ದೊಡ್ಡದು ಎಂದು ಜೋಡಿ ಮಾಡಿದ್ದ. ಪಡಸಾಲೆಯ ಮೂಲೆಯಲ್ಲಿ ಸಾಲಾಗಿ ಇಟ್ಟು ಕೈಕಾಲು ತೊಳೆಯಲು ಹೋದ. ಮಾಯವ್ವ ಒಂದನ್ನು ಎತ್ತಿ ನೋಡಿದಳು. ಕನ್ನಡಿಯ ಹಾಗೆ ನುಣುಪಾಗಿತ್ತು.

ಮೊದಲ ವಾರ ಮೈಯೆಲ್ಲ ಜಜ್ಜಿದಂತೆ ನೋವು. ತಲೆ ಬಾಚಲು ಕೈ ಮೇಲೇಳುತ್ತಿರಲಿಲ್ಲ. ರಾಧಿಕಾ ಹೆರಳು ಹಾಕುತ್ತಿದ್ದಳು. ಕಚೇರಿಯಲ್ಲೂ ಅವಳು ಬಿಡಲಿಲ್ಲ. ಕಿಟಕಿಗೆ ಜನರಿಲ್ಲದ ಹೊತ್ತಿನಲ್ಲಿ ಕೈ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ಕೂತು, ಎದ್ದು ಕೂತು ಮಾಡುತ್ತಿದ್ದಳು. “ಮೇಡಂ ಬಸ್ಕಿ ಹೊಡ್ಯಾಕತ್ಯಾರ, ಸಾಹೇಬ್ರು ಶಿಕ್ಷಾ ಕೊಟ್ಟಾರೇನ?” ಎಂದು ಗುಮಾಸ್ತ ಯಂಕಪ್ಪ ನಗಾಡಿದ. “ಹೌದು, ಕುಂತು ತಿಂದದ್ದಕ್ಕ ಶಿಕ್ಷಾ,” ಎಂದಳು ಅವಳು, ನಿಲ್ಲಿಸದೆ. ಪಹಣಿಗೆ ಬಂದ ಮುದುಕಿಯೊಬ್ಬಳು ಕಿಟಕಿಯಾಚೆ ನಿಂತು ಒಂದಿಷ್ಟು ಹೊತ್ತು ನೋಡಿ, “ಮಾಡಿ ಮುಗಸವ್ವಾ, ನನಗೇನ ಗಡಬಡಿ ಇಲ್ಲ,” ಎಂದಳು.

ಮೊಣಕಾಲಿನ ಊತ, ನೋವು ಇಳಿದ ಮೇಲೆ ನಡಿಗೆ ಮತ್ತೆ ಸುರುವಾಯಿತು. ಈಗ ಗೆಳತಿಯರನ್ನು ಬಿಟ್ಟು ಒಬ್ಬಳೇ ಹೋಗುತ್ತಿದ್ದಳು. ಸ್ವಲ್ಪ ದೂರ ಬಿರುಸು, ಸ್ವಲ್ಪ ದೂರ ನಿಧಾನ, ಮತ್ತೆ ಬಿರುಸು. ಒಂದು ದಿನ ನಡಿಗೆ, ಮರುದಿನ ಕಲ್ಲು. ಅಲೀಮಾ ವಾರಕ್ಕೊಮ್ಮೆ ನೋಡಿ, ಸಣ್ಣ ಕಲ್ಲನ್ನು ಬಿಡಿಸಿ ದೊಡ್ಡದನ್ನು ಹಿಡಿಸುತ್ತಿದ್ದಳು. ಮಾಯವ್ವನನ್ನು ಕಾಡಿದ್ದು ತೂಕದ ಯಂತ್ರ. ಅದರ ಮುಳ್ಳು ಹಟ ಹಿಡಿದಂತೆ ಅಲ್ಲೇ ನಿಂತಿತ್ತು. ಇಷ್ಟೆಲ್ಲ ಮಾಡಿದರೂ ತೂಕ ಇಳಿಯದಿದ್ದರೆ ಲಿವರ್ ಏನು ಇಳಿದೀತು ಎಂದು ಒಂದು ದಿನ ಕಲ್ಲನ್ನು ನೆಲಕ್ಕೆ ಕುಕ್ಕಿದಳು.

“ಮುಳ್ಳು ನೋಡಬ್ಯಾಡ್ರಿ,” ಎಂದಳು ಅಲೀಮಾ. “ಕೊಬ್ಬು ಹೋಗಿ ಸ್ನಾಯು ಬಂದಾಗ ತೂಕ ಅಷ್ಟಕ್ಕಷ್ಟ ಇರತೈತಿ. ತೂಕ ಇಳೀದಿದ್ರೂ ಲಿವರಿನ ಕೊಬ್ಬು ಇಳೀಬಹುದು. ಜಂಪರ್ ಹ್ಯಾಂಗ ಕೂಡತಾವು ಈಗ?”

ರವಿಕೆಗಳೆಲ್ಲ ಮೈಗೆ ಸಡಿಲಾಗಿದ್ದವು. ಅದನ್ನು ಮಾಯವ್ವ ಗಮನಿಸಿಯೇ ಇರಲಿಲ್ಲ.

ಡಿಸೆಂಬರಿನ ಒಂದು ರವಿವಾರ ಅವಳು ಗಂಡನಿಗೆ, “ಮಹಾಕೂಟಕ್ಕ ಹೋಗೂಣು ಬರ್ರಿ. ಬಾದಾಮಿತನಕ ಬಸ್ಸಿಗೆ, ಅಲ್ಲಿಂದ ಗುಡ್ಡದ ಹಾದಿ ಹಿಡದು,” ಎಂದಳು. ಅವಳಿಗೆ ತನ್ನ ಉಸಿರು ಎಷ್ಟು ಬೆಳೆದಿದೆ ಎಂದು ನೋಡಬೇಕಿತ್ತು. ಕೆಂಪು ಬಂಡೆಗಳ ನಡುವಿನ ಏರಿನಲ್ಲಿ ಅವಳು ನಿಲ್ಲದೆ ಹತ್ತಿದಳು. ಬರಿಗಾಲಲ್ಲಿ ಹೊರಟಿದ್ದ ಭಕ್ತರ ಗುಂಪೊಂದನ್ನು ದಾಟಿದಳು. ಮೇಲೆ ತಲುಪಿ ತಿರುಗಿ ನೋಡಿದರೆ, ರಾಜಕುಮಾರ ಅರ್ಧ ಹಾದಿಯಲ್ಲಿ ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಅವಳು ಕೆಳಗಿಳಿದು ಹೋಗಿ ಪಕ್ಕದಲ್ಲಿ ಕೂತಳು.

ಅವನು ಉಸಿರು ತಿರುಗಿಸಿಕೊಂಡ. ಆಮೇಲೆ ಹೇಳಿದ: “ನಾ ಯಾಕ ಸುಮ್ಮನದೇನಿ ಅಂತ ನೀ ಒಮ್ಮಿನೂ ಕೇಳಲಿಲ್ಲ.”

“ಕೇಳಿದ್ರ ಬ್ಯಾಡ ಅಂತೀರಿ ಅಂತ ಅಂಜಿದ್ನಿ.”

“ಬ್ಯಾಡ ಅಂತನಽ ಅನ್ನಾವ ಇದ್ನಿ. ಬೀರಲಿಂಗ ನನಗೂ ತಮ್ಮನಂಥಾವ. ಆದ್ರ ನಿನಗೇನಾರ ಆದ್ರ ನಾ ಹ್ಯಾಂಗ ಇರಲಿ? ನಾ ಒಬ್ಬಾವನ ಆ ಮನ್ಯಾಗ...” ಟವೆಲಿನಿಂದ ಮುಖ ಒರೆಸಿಕೊಂಡ. “ಈಗ ನೋಡೇನಲ್ಲಾ. ನೀ ಅದಕ್ಕ ತಯಾರಾಗೀದಿ. ನನಗಿಂತ ಗಟ್ಟಿ ಆಗೀದಿ. ನಾ ಸಹಿ ಮಾಡ್ತೇನಿ.”

ಮಾಯವ್ವ ಅವನ ಕೈ ಹಿಡಿದಳು. ಹುಡಿಗೆ ಒರಟಾದ ಆ ಅಂಗೈಯನ್ನು ಹಿಡಿದು ಹಗಲು ಹೊತ್ತಿನಲ್ಲಿ, ಜನ ಓಡಾಡುವ ದಾರಿಯಲ್ಲಿ ಕೂತದ್ದು ಅದೇ ಮೊದಲು. ಬಿಸಿಲೇರುವ ಮೊದಲು ಎದ್ದು, ಗುಡ್ಡ ಇಳಿದು ಮಹಾಕೂಟದ ಹೊಂಡದಲ್ಲಿ ಕಾಲು ತೊಳೆದರು.

ಸಂಕ್ರಾಂತಿಯ ಹಿಂದಿನ ವಾರ ಕಡೆಯ ಸ್ಕ್ಯಾನ್ ಆಯಿತು. ಡಾಕ್ಟರ್ ಆನಂದ ಚಿತ್ರವನ್ನು ಹಿಂದೆ ಮುಂದೆ ಸರಿಸಿ ನೋಡುವಾಗ ಮಾಯವ್ವ ಎರಡೂ ಕೈಯಲ್ಲಿ ಕುರ್ಚಿಯ ಅಂಚು ಹಿಡಿದಿದ್ದಳು.

“ತೂಕ ಅಂಥಾದ್ದೇನೂ ಇಳದಿಲ್ಲ,” ಎಂದರು ಡಾಕ್ಟರು.

ಅವಳು ಸ್ಕ್ಯಾನಿನ ಚಿತ್ರದ ಕಡೆ ಬಾಗಿದಳು.

“ಆದ್ರ ಲಿವರ್ ಸ್ವಚ್ಛ ಆಗೇದರಿ. ನಮಗ ಬೇಕಾದ ಮಟ್ಟಕ್ಕ ಬಂದದ. ಕೊಡಬಹುದು.”

ಮಾಯವ್ವ ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು. ಬಾಗಿಲ ಹೊರಗೆ ನಿಂತಿದ್ದ ದಾನಮ್ಮನನ್ನು ಕರೆಯಲು ಹೋಗಿ, ಅವಳನ್ನು ತಬ್ಬಿ ಹಿಡಿದಳು. ಇಬ್ಬರೂ ಅತ್ತರು.

ಬೀರಲಿಂಗಪ್ಪ ಮಾತ್ರ ಕೊನೆಯ ತನಕ ಬಗ್ಗಲಿಲ್ಲ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ, ಬಾತ ಕಾಲುಗಳನ್ನು ಮಂಚದಿಂದ ಇಳಿಬಿಟ್ಟು ಕೂತು, “ನಾ ಒಲ್ಲೆ. ಅಕ್ಕಾಗ ಏನಾರ ಆದ್ರ ನಾ ಬದುಕಿ ಯಾರಿಗೆ ಮುಖಾ ತೋರಸಲಿ?” ಎಂದ. ಮಾಯವ್ವ ಅವನ ಮುಂದೆ ನಿಂತು ಸೀರೆಯ ಸೆರಗು ಸರಿಸಿ, ರಟ್ಟೆ ಬಿಗಿ ಮಾಡಿ ತೋರಿಸಿದಳು. “ಹಿಡದು ನೋಡು. ಹಿಡಿಯೋ! ಇದು ಗಟ್ಟಿ ಆಗಾಕ ನಾ ಎಷ್ಟ ಸತ್ತೇನಿ ನಿನಗೇನ ಗೊತ್ತೈತಿ? ಇಷ್ಟ ಮಾಡಿದ ಮ್ಯಾಲೆ ನೀ ಒಲ್ಲೆ ಅಂದ್ರ, ನಮ್ಮ ಬೀರಪ್ಪ ದೇವರ ಆಣಿ, ನಾ ನಿನ್ನ ಜೋಡಿ ಮಾತಾಡಾಕಿ ಅಲ್ಲ.” ಅವನು ಎರಡು ಬೆರಳಿಂದ ಅಕ್ಕನ ರಟ್ಟೆ ಮುಟ್ಟಿದ. ಹಳದಿ ಕಣ್ಣುಗಳಲ್ಲಿ ನೀರು ತುಂಬಿತು. ಬಹಳ ದಿನಗಳ ಮೇಲೆ ಒಂದು ನಗೆಯೂ ಬಂತು.

ಬೆಳಿಗ್ಗೆ ಒಳಗೊಯ್ದವರನ್ನು ಹೊರಗೆ ತರುವಾಗ ಸಂಜೆಯಾಗಿತ್ತು. ಎಚ್ಚರವಾದಾಗ ಮಾಯವ್ವನಿಗೆ ಮೊದಲು ಬಂದದ್ದು ನೋವು. ಹೊಟ್ಟೆಯ ಮೇಲೆ ಯಾರೋ ಕೆಂಡ ಸುರಿದಂತೆ. ಎರಡನೆಯದಾಗಿ ಬಂದದ್ದು ತಮ್ಮನ ಹೆಸರು. “ಚಲೋ ಇದ್ದಾನ,” ಎಂದಿತು ರಾಜಕುಮಾರನ ದನಿ. ಮರುದಿನವೇ ನರ್ಸುಗಳು ಅವಳನ್ನು ಎಬ್ಬಿಸಿ ಕೂರಿಸಿದರು, ಅದರ ಮರುದಿನ ನಡೆಸಿದರು. ಒಂದೊಂದು ಹೆಜ್ಜೆಗೂ ಹೊಲಿಗೆ ಜಗ್ಗುತ್ತಿತ್ತು. ಅವಳ ಕಾಲುಗಳು ಮಾತ್ರ ಮೈಯನ್ನು ಹೊತ್ತವು. ಗಾಜಿನ ಕೋಣೆಯವರೆಗೆ ನಡೆದು, ಕೊಳವೆಗಳ ನಡುವೆ ಮಲಗಿದ್ದ ತಮ್ಮನನ್ನು ಹೊರಗಿನಿಂದ ನೋಡಿ ಬಂದಳು.

ದಾರಿ ಸಲೀಸಾಗಿರಲಿಲ್ಲ. ಬೀರಲಿಂಗಪ್ಪನಿಗೆ ನಡುವೆ ಜ್ವರ ಏರಿ ಎಲ್ಲರ ಜೀವ ಬಾಯಿಗೆ ಬಂದಿತ್ತು. ಅದು ಇಳಿಯಿತು. ಕಣ್ಣಿನ ಹಳದಿ ದಿನದಿನಕ್ಕೂ ತೊಳೆದಂತೆ ಹೋಯಿತು. ಅವನು ಬದುಕಿರುವ ತನಕ ಗುಳಿಗೆ ನುಂಗಬೇಕು, ತಪಾಸಣೆಗೆ ಹೋಗಬೇಕು. ಕುರಿಗಳಲ್ಲಿ ಹೆಚ್ಚಿನವನ್ನು ಚಿಕ್ಕಪ್ಪನ ಮಗನಿಗೆ ಒಪ್ಪಿಸಿದ್ದಾನೆ. ನೀರಾವರಿ ಬಂದ ಹೊಲದಲ್ಲಿ ಬೆಳಗಿನ ತಂಪಿನಲ್ಲಿ ಒಂದಿಷ್ಟು ಕೆಲಸ ಮಾಡುತ್ತಾನೆ.

ಮಾಯವ್ವ ಬೇಸಿಗೆಯ ಹೊತ್ತಿಗೆ ಕಚೇರಿಗೆ ಮರಳಿದಳು. ಅವಳಲ್ಲಿ ಉಳಿದಿದ್ದ ಭಾಗ ಬೆಳೆದು ಹೆಚ್ಚುಕಮ್ಮಿ ಮೊದಲಿನ ಗಾತ್ರಕ್ಕೆ ಬಂದಿದೆ ಎಂದರು ಡಾಕ್ಟರು. “ಇದರಾಗ ಮತ್ತ ಕೊಬ್ಬು ಕೂಡತೈತೇನ್ರಿ?” ಎಂದು ಕೇಳಿದಳು. “ನೀವು ಕುಂತ್ರ ಅದೂ ಕೂಡತದ,” ಎಂದರು ಅವರು. ಹೊಲಿಗೆ ಪೂರ್ತಿ ಮಾಗಿದೆ, ಭಾರ ಎತ್ತಬಹುದು ಎಂದು ಅವರಿಂದ ಹೇಳಿಸಿಕೊಂಡೇ ಅವಳು ಅಲ್ಲಿಂದ ಎದ್ದಳು.

ಮೊನ್ನೆ ಒಂದು ರವಿವಾರ ಅವಳು ರಾಮಥಾಳಕ್ಕೆ ಹೋಗಿದ್ದಳು. ದಿನಾ ನಡೆಯಬೇಕೆಂದು ಬೀರಲಿಂಗಪ್ಪನಿಗೂ ಡಾಕ್ಟರು ಹೇಳಿದ್ದಾರೆ. ಹೊಲದ ಬದುವಿನ ಮೇಲೆ ಅಕ್ಕ ಮುಂದೆ, ತಮ್ಮ ಹಿಂದೆ ಹೊರಟಿದ್ದರು. ಗೋವಿನಜೋಳ ಎದೆಮಟ್ಟ ಬೆಳೆದಿತ್ತು.

“ಮೆಲ್ಲಕ ನಡಿಯಬೇ ಅಕ್ಕಾ, ನನಗ ಆಗವಲ್ದು,” ಎಂದು ಅವನು ಹಿಂದಿನಿಂದ ಕೂಗಿದ.

“ಮಾತಾಡಾಕ ಬರಾಕತ್ತೈತೆಲ್ಲಾ? ಹಂಗಾದ್ರ ಆಗತೈತಿ, ಬಾ,” ಎಂದಳು ಅವಳು. ಆದರೂ ಹೆಜ್ಜೆಯನ್ನು ತುಸು ನಿಧಾನ ಮಾಡಿದಳು.